ಹಳೆಯ ಔಟ್‌ಬೋರ್ಡ್ ಮೋಟಾರಿನ ಪ್ರೊಪೆಲ್ಲರ್ ಬಿಚ್ಚುವ ಕ್ರಮ: ಶಾಫ್ಟು, ಸೀಲು, ಗೇರ್‌ಕೇಸ್ ಉಳಿಸಿಕೊಂಡು

ಬೆಂಗಳೂರಿನಲ್ಲಿ ಕೈಗೆ ಸಿಗುವ ಹಳೆಯ ಔಟ್‌ಬೋರ್ಡ್ ಮೋಟಾರು (ದೋಣಿಯ ಹಿಂಬದಿಗೆ ಬಿಗಿಯುವ ಎಂಜಿನ್) ಸಾಮಾನ್ಯವಾಗಿ ಗೋದಾಮಿನಲ್ಲೋ ಗುಜರಿಯಲ್ಲೋ ವರ್ಷಗಟ್ಟಲೆ ನಿಂತು ಬಂದಿರುತ್ತದೆ. ಕರಾವಳಿಯ ಉಪ್ಪುನೀರಿನಲ್ಲಿ ದುಡಿದು ಘಟ್ಟ ಹತ್ತಿದ ಮೋಟಾರಾದರೆ ಪ್ರೊಪೆಲ್ಲರ್ ಶಾಫ್ಟಿಗೆ ಕಚ್ಚಿಕೊಂಡೇ ಇರುತ್ತದೆ ಎಂದುಕೊಂಡು ಕೆಲಸಕ್ಕೆ ಕೂರಿ. ಎಂಜಿನ್ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂದು ಹಗ್ಗ ಎಳೆಯುವ ಮೊದಲೇ ಪ್ರೊಪೆಲ್ಲರ್ ಬಿಚ್ಚಿ ನೋಡುವುದು ಒಳ್ಳೆಯದು. ಅದರ ಮರೆಯಲ್ಲೇ ಶಾಫ್ಟಿನ ಸೀಲ್ ಇದೆ. ಸೀಲ್ ಹೋಗಿದ್ದರೆ ಗೇರ್‌ಕೇಸಿಗೆ ನೀರು ಹೋಗಿದೆ. ಆ ನೀರಿನ ಜೊತೆ ಎಂಜಿನ್ ಓಡಿಸಿದರೆ ಇವತ್ತು ಸಿಗದ ಗೇರುಗಳು ಸವೆದು ಹೋಗುತ್ತವೆ.

ಈ ಬರಹದಲ್ಲಿ ‘ಮುಂಭಾಗ’ ಎಂದರೆ ಪ್ರೊಪೆಲ್ಲರಿನ ಗೇರ್‌ಕೇಸ್ ಕಡೆಯ ಮುಖ, ‘ಹಿಂಭಾಗ’ ಎಂದರೆ ಕೋನ್ ಅಥವಾ ನಟ್ ಇರುವ ತುದಿ.

ಹಿಡಿದಿರುವುದು ಯಾವುದು?

ಸುತ್ತಿಗೆ ಎತ್ತುವ ಮೊದಲು ನಿಮ್ಮ ಮೋಟಾರಿನಲ್ಲಿ ಪ್ರೊಪೆಲ್ಲರನ್ನು ಯಾವುದು ಹಿಡಿದಿದೆ ಎಂದು ಗೊತ್ತಿರಬೇಕು. ಹಳೆಯ ಮೋಟಾರುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಜೋಡಣೆ ಕಾಣಿಸುತ್ತದೆ.

1940ರಿಂದ 60ರ ದಶಕದ ಜಾನ್ಸನ್, ಎವಿನ್‌ರೂಡ್ ಸಣ್ಣ ಮೋಟಾರುಗಳಲ್ಲಿ ಹಿಂದೆ ಒಂದು ಕೋನ್ ಇರುತ್ತದೆ. ಕೋನಿನ ಅಡ್ಡಕ್ಕೆ ಸ್ಪ್ಲಿಟ್ ಪಿನ್ (ತುದಿ ಮಡಚುವ ಎರಡು ಕಾಲಿನ ಪಿನ್) ತೂರಿರುತ್ತದೆ. ಕೋನ್ ತೆಗೆದರೆ ಶಾಫ್ಟಿನ ಅಡ್ಡಕ್ಕೆ ಹೋಗುವ ಶಿಯರ್ ಪಿನ್ ಸಿಗುತ್ತದೆ. ಎಂಜಿನ್ನಿನ ಬಲ ಪ್ರೊಪೆಲ್ಲರಿಗೆ ತಲುಪುವುದು ಈ ಒಂದು ಪಿನ್ನಿನ ಮೂಲಕ. ಕೆಲವು ಮಾದರಿಗಳಲ್ಲಿ ಅದು ಹಬ್ಬಿನ (ಪ್ರೊಪೆಲ್ಲರಿನ ನಡುವಿನ ಗುಂಡನೆಯ ಭಾಗ) ಹಿಂಬದಿಯ ತೋಡಿನಲ್ಲಿ ಕೂತಿರುತ್ತದೆ, ಇನ್ನು ಕೆಲವದರಲ್ಲಿ ಹಬ್ಬನ್ನೇ ಆರಪಾರ ತೂರಿರುತ್ತದೆ.

ಎರಡರಿಂದ ಮೂರೂವರೆ ಅಶ್ವಶಕ್ತಿಯ ಜಪಾನಿ ಸಣ್ಣ ಮೋಟಾರುಗಳಲ್ಲಿ ಶಿಯರ್ ಪಿನ್ ಹಲವು ಸಲ ಪ್ರೊಪೆಲ್ಲರಿನ ಮುಂಭಾಗದಲ್ಲಿರುತ್ತದೆ. ಪ್ರೊಪೆಲ್ಲರ್ ಹೊರಬಂದ ಮೇಲಷ್ಟೇ ಅದು ಕಣ್ಣಿಗೆ ಬೀಳುವುದು. ಬ್ರಿಟಿಷ್ ಸೀಗಲ್ ಮೋಟಾರುಗಳ ದಾರಿಯೇ ಬೇರೆ. ಅಲ್ಲಿ ಶಿಯರ್ ಪಿನ್ ಇಲ್ಲ, ದಪ್ಪ ತಂತಿಯ ಸುರುಳಿ ಸ್ಪ್ರಿಂಗ್ ಇದೆ. ಸ್ಪ್ರಿಂಗಿನ ಒಂದು ತುದಿ ಶಾಫ್ಟಿಗೆ, ಇನ್ನೊಂದು ಪ್ರೊಪೆಲ್ಲರಿಗೆ ಸಿಕ್ಕಿಸಿರುತ್ತದೆ. ನಾಲ್ಕನೆಯದು ಮರ್ಕ್ಯುರಿ ಮತ್ತು ಇತರ ಮಧ್ಯಮ ಗಾತ್ರದ ಮೋಟಾರುಗಳ ಸ್ಪ್ಲೈನ್ ಶಾಫ್ಟು: ಹಲ್ಲುಗಳಿರುವ ಶಾಫ್ಟು, ಹಿಂದೆ ದೊಡ್ಡ ನಟ್, ನಟ್ ತಿರುಗದಂತೆ ಸ್ಪ್ಲಿಟ್ ಪಿನ್ ಅಥವಾ ಕಿವಿ ಮಡಚಿದ ವಾಷರ್.

ತೆಗೆದಿಟ್ಟುಕೊಳ್ಳಬೇಕಾದ್ದು

ಅಮೆರಿಕದ ಹಳೆಯ ಮೋಟಾರುಗಳೆಲ್ಲ ಇಂಚಿನ ಅಳತೆಯವು, ಸೀಗಲ್‌ನಲ್ಲಿ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆ. ಮಿಲಿಮೀಟರ್ ಸ್ಪ್ಯಾನರು ಹಾಕಿ ಒತ್ತಿದರೆ ನಟ್ಟಿನ ಮೂಲೆ ಉರುಟಾಗುತ್ತದೆ, ಆಮೇಲೆ ಕೆಲಸ ನಾಲ್ಕು ಪಟ್ಟು. ಇಂಚಿನ ಸ್ಪ್ಯಾನರ್ ಸೆಟ್, 3 ಮಿ.ಮೀ. ಮತ್ತು 4.5 ಮಿ.ಮೀ. ಪಿನ್ ಪಂಚ್, ಮೂಗು ಚೂಪಾದ ಪ್ಲೇಯರ್, ಅರ್ಧ ಕೆ.ಜಿ. ಸುತ್ತಿಗೆ, ರಬ್ಬರ್ ಅಥವಾ ನೈಲಾನ್ ಸುತ್ತಿಗೆ ಇವಿಷ್ಟೂ ಎಸ್‌.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಪುಲ್ಲರನ್ನೂ (ಕೊಂಡಿಗಳಿಂದ ಹಿಡಿದು ತಿರುಪು ಬಿಗಿದು ಎಳೆಯುವ ಸಾಧನ) ಅಲ್ಲೇ ಅಥವಾ ಜೆ.ಸಿ. ರಸ್ತೆಯಲ್ಲಿ ಕೇಳಿ. ಕೊಳ್ಳುವಾಗ ಕೊಂಡಿಗಳ ತುದಿ ತೆಳ್ಳಗಿರುವುದನ್ನು ಆರಿಸಿ. ಹಬ್ ಮತ್ತು ಗೇರ್‌ಕೇಸ್ ನಡುವೆ ಬಹಳ ಕಡಿಮೆ ಸಂದು ಇರುತ್ತದೆ, ದಪ್ಪ ಕೊಂಡಿ ಒಳಗೆ ಹೋಗುವುದೇ ಇಲ್ಲ.

ತುಕ್ಕು ಬಿಡಿಸುವ ಸ್ಪ್ರೇ ಒಂದು ಡಬ್ಬಿ ಸಾಕು. ಬಹಳ ಕಚ್ಚಿಕೊಂಡಿರುವುದಕ್ಕೆ ಎಟಿಎಫ್ ಎಣ್ಣೆ (ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಹಾಕುವುದು) ಮತ್ತು ಅಸಿಟೋನ್ ಸಮಪಾಲು ಬೆರೆಸಿದ ದ್ರವ ಚೆನ್ನಾಗಿ ಒಳಗಿಳಿಯುತ್ತದೆ. ಎರಡೂ ಬೇರೆಬೇರೆ ಪದರವಾಗುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಹಳೆಯ ಬಣ್ಣವನ್ನೂ ರಬ್ಬರನ್ನೂ ತಿನ್ನುತ್ತದೆ, ಬೆಂಕಿಯನ್ನು ಬೇಗ ಹಿಡಿಯುತ್ತದೆ. ಹಾಗಾಗಿ ಹನಿಹನಿಯಾಗಿ, ಬೇಕಾದಲ್ಲಿ ಮಾತ್ರ.

ಮೋಟಾರನ್ನು ನೆಲದ ಮೇಲೆ ಮಲಗಿಸಿ ಕೆಲಸ ಮಾಡಬೇಡಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ 40 ಮಿ.ಮೀ. ದಪ್ಪದ ಹಲಗೆ ತುಂಡು ತಂದು ಗಟ್ಟಿಯಾದ ಸ್ಟ್ಯಾಂಡ್ ಮಾಡಿ, ದೋಣಿಗೆ ಬಿಗಿಯುವ ಹಾಗೆಯೇ ಮೋಟಾರಿನ ಕ್ಲ್ಯಾಂಪನ್ನು ಹಲಗೆಗೆ ಬಿಗಿಯಿರಿ. ಎಂಜಿನ್ನಿನ ತಲೆ ಯಾವಾಗಲೂ ಗೇರ್‌ಕೇಸಿಗಿಂತ ಮೇಲೆ ಇರಬೇಕು. ಕೆಳಭಾಗ ಮೇಲೆದ್ದರೆ ಎಕ್ಸಾಸ್ಟ್ ದಾರಿಯಲ್ಲಿ ಉಳಿದ ನೀರು ಸಿಲಿಂಡರಿಗೆ ಇಳಿಯುತ್ತದೆ.

ಮೊದಲು ಎಂಜಿನ್ ಸತ್ತಿದೆ ಎಂದು ಖಚಿತವಾಗಲಿ

ಈ ಮೋಟಾರುಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿ ಇಲ್ಲ, ಮ್ಯಾಗ್ನೆಟೋದಿಂದಲೇ ಕಿಡಿ ಬರುತ್ತದೆ. ತುಂಬ ಹಳೆಯವಕ್ಕೆ ನ್ಯೂಟ್ರಲ್ಲೂ ಇಲ್ಲ. ಅಂದರೆ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದರೆ ಎಂಜಿನ್ನೂ ತಿರುಗುತ್ತದೆ, ಸಿಲಿಂಡರಿನಲ್ಲಿ ಸ್ವಲ್ಪ ಪೆಟ್ರೋಲ್ ಉಳಿದಿದ್ದರೆ ಒಂದು ಸಿಡಿತ ಸಾಕು, ಬೆರಳು ಹೋಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು ಎಂಜಿನ್ ಮೈಗೆ ತಾಗಿಸಿ ಕಟ್ಟಿ. ಎರಡು ಸಿಲಿಂಡರಿದ್ದರೆ ಎರಡನ್ನೂ. ಪ್ಲಗ್ಗುಗಳನ್ನೂ ಬಿಚ್ಚಿಡಿ. ತಲೆಯ ಮೇಲೆ ಟ್ಯಾಂಕ್ ಇರುವ ಮೋಟಾರಾದರೆ ಟ್ಯಾಂಕ್ ಖಾಲಿ ಮಾಡಿ, ಮುಂದೆ ಬಿಸಿ ಕೊಡುವ ಸಂದರ್ಭ ಬಂದೀತು. ರೆಕ್ಕೆಯ ಅಂಚು ಹರಿತವಾಗಿರುತ್ತದೆ, ದಪ್ಪ ಕೈಗವಸು ಹಾಕಿಕೊಳ್ಳಿ.

ಬಿಚ್ಚುವ ಮುನ್ನ ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ವಾಷರುಗಳು ಯಾವ ಕ್ರಮದಲ್ಲಿ, ಯಾವ ಮುಖ ಯಾವ ಕಡೆ ಇದ್ದವು ಎಂಬುದು ಆಮೇಲೆ ನೆನಪಿಗೆ ಬರುವುದಿಲ್ಲ.

ಸ್ಪ್ಲಿಟ್ ಪಿನ್ ಮತ್ತು ಕೋನ್

ಸ್ಪ್ಲಿಟ್ ಪಿನ್ನಿನ ಸುತ್ತ ತಂತಿ ಬ್ರಷ್ ಹಾಕಿ ಉಜ್ಜಿ, ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಮಡಚಿದ ಎರಡೂ ಕಾಲುಗಳನ್ನು ಪ್ಲೇಯರಿನಲ್ಲಿ ಪೂರ್ತಿ ನೆಟ್ಟಗೆ ಮಾಡಿ. ಅರ್ಧ ನೆಟ್ಟಗಾದ ಕಾಲು ರಂಧ್ರದೊಳಗೆ ಸಿಕ್ಕಿ ಮುರಿಯುತ್ತದೆ. ಪಿನ್ನಿನ ತಲೆಯ ಕಣ್ಣಿಗೆ ಒಂದು ಮೊಳೆ ಸಿಕ್ಕಿಸಿ, ಮೊಳೆಯ ಕೆಳಗೆ ಪ್ಲೇಯರ್ ಕೊಟ್ಟು ಮೀಟಿದರೆ ನೆಟ್ಟಗೆ ಹೊರಬರುತ್ತದೆ. ಕಾಲು ಮುರಿದರೆ ಉಳಿದ ತುದಿಗಳನ್ನು ಮಟ್ಟಸವಾಗಿ ಕತ್ತರಿಸಿ 3 ಮಿ.ಮೀ. ಪಂಚಿನಿಂದ ಆಚೆ ತಳ್ಳಿ. ಹಾಗೂ ಬರದಿದ್ದರೆ ಮಧ್ಯಕ್ಕೆ ಸೆಂಟರ್ ಪಂಚ್ ಗುರುತು ಹಾಕಿ 2.5 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ನಿಧಾನಕ್ಕೆ ಕೊರೆಯಿರಿ. ಪಂಚ್ ಹೊಡೆಯುವಾಗ ಪೆಟ್ಟಿನ ಎದುರು ಬದಿಗೆ ಮರದ ತುಂಡು ಒತ್ತುಕೊಟ್ಟಿರಬೇಕು, ಇಲ್ಲದಿದ್ದರೆ ಪ್ರತಿ ಪೆಟ್ಟೂ ಶಾಫ್ಟಿನ ಬೇರಿಂಗಿಗೆ ಬೀಳುತ್ತದೆ.

ಕೆಲವು ಕೋನುಗಳಿಗೆ ಥ್ರೆಡ್ ಇರುತ್ತದೆ, ಕೆಲವು ಸುಮ್ಮನೆ ಜಾರಿ ಕೂತಿರುತ್ತವೆ. ಥ್ರೆಡ್ ಇದ್ದದ್ದು ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ಬಿಚ್ಚುತ್ತದೆ. ಇವು ಎರಕದ ಮೃದು ಲೋಹ. ಪೈಪ್ ರೆಂಚ್ ಹಾಕಿದರೆ ಹಲ್ಲಿನ ಗುರುತು ಬೀಳುವುದಲ್ಲದೆ ಕೋನ್ ಒಡೆದೇ ಹೋಗಬಹುದು. ಕಾರಿನ ಆಯಿಲ್ ಫಿಲ್ಟರ್ ಬಿಚ್ಚುವ ಪಟ್ಟಿ ಇದಕ್ಕೆ ಸರಿಯಾದ ಸಾಧನ. ಬಿಚ್ಚುವಾಗ ಪ್ರೊಪೆಲ್ಲರ್ ತಿರುಗದಂತೆ ಒಂದು ರೆಕ್ಕೆ ಮತ್ತು ಅದರ ಮೇಲಿನ ಅಡ್ಡ ತಟ್ಟೆಯ (ಕ್ಯಾವಿಟೇಷನ್ ಪ್ಲೇಟ್) ನಡುವೆ ಮರದ ತುಂಡು ಇಡಿ, ಹಬ್ಬಿಗೆ ಆದಷ್ಟು ಹತ್ತಿರ. ರೆಕ್ಕೆಯ ತುದಿಗೆ ಇಟ್ಟರೆ ರೆಕ್ಕೆ ಬಾಗುತ್ತದೆ.

ಸ್ಪ್ಲೈನ್ ಶಾಫ್ಟಿನ ಮೋಟಾರಿಗೂ ಇದೇ ಮರದ ತುಂಡು ಸಾಕು. ವಾಷರಿನ ಮಡಚಿದ ಕಿವಿಗಳನ್ನು ಚಪ್ಪಟೆ ಮಾಡಿ, ಆಮೇಲೆ ನಟ್ ಬಿಚ್ಚಿ. ಮರ್ಕ್ಯುರಿಯ ದೊಡ್ಡ ಮಾದರಿಗಳಲ್ಲಿ ನಟ್ 1-1/16 ಇಂಚಿನದು. ಸೀಗಲ್ ಆದರೆ ಸ್ಪ್ಲಿಟ್ ಪಿನ್ ತೆಗೆದು, ಸ್ಪ್ರಿಂಗ್ ಸಿಕ್ಕಿಸಿದ ತುದಿ ಬಿಡಿಸಿದರೆ ಪ್ರೊಪೆಲ್ಲರ್ ಬರಬೇಕು. ಸ್ಪ್ರಿಂಗ್ ಒತ್ತಡದಲ್ಲಿರಬಹುದು, ಮುಖ ದೂರವಿರಲಿ.

ಬರುತ್ತಿಲ್ಲವೇ? ಕೈಯಲ್ಲಿ ಅಲುಗಿಸಿ ನೋಡಿ

ಕೋನ್ ತೆಗೆದಾಗ ಕಾಣುವ ಶಿಯರ್ ಪಿನ್ ನೆಟ್ಟಗಿದ್ದರೆ ಅದನ್ನು ಪಂಚಿನಿಂದ ತಟ್ಟಿ ತೆಗೆಯಿರಿ. ಇಷ್ಟಾದ ಮೇಲೆ ಪ್ರೊಪೆಲ್ಲರ್ ಕೈಗೆ ಜಾರಿ ಬಂದರೆ ಅದೃಷ್ಟ. ಬರದಿದ್ದರೆ ಹೆಚ್ಚಿನವರು ಇಲ್ಲಿಯೇ ಹೊಡೆಯಲು ಶುರುಮಾಡುತ್ತಾರೆ, ಕೆಡುವುದೂ ಇಲ್ಲಿಯೇ. ಶಾಫ್ಟ್ ತಿರುಗದಂತೆ ಗೇರಿನಲ್ಲಿಟ್ಟು, ಮೇಲೆ ಫ್ಲೈವೀಲನ್ನು (ಎಂಜಿನ್ನಿನ ತಲೆಯಲ್ಲಿರುವ ಭಾರದ ಚಕ್ರ) ಇನ್ನೊಬ್ಬರು ಹಿಡಿದುಕೊಳ್ಳಲಿ. ನೀವು ಪ್ರೊಪೆಲ್ಲರನ್ನು ಎಡಕ್ಕೆ ಬಲಕ್ಕೆ ಅಲುಗಿಸಿ, ಶಾಫ್ಟಿನ ತುದಿಯನ್ನೇ ನೋಡುತ್ತಿರಿ. ಗೇರುಗಳ ಸಡಿಲಿನಿಂದ ಶಾಫ್ಟ್ ಸ್ವಲ್ಪ ಆಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಶಾಫ್ಟಿಗೆ ಹೋಲಿಸಿದರೆ ಹಬ್ ಏನು ಮಾಡುತ್ತಿದೆ ಎಂಬುದೇ ಮುಖ್ಯ.

ಹಬ್ ಶಾಫ್ಟಿನ ಮೇಲೆ ಒಂದಿಷ್ಟು ತಿರುಗುತ್ತದೆ, ಆದರೆ ಹೊರಗೆ ಬರುವುದಿಲ್ಲ ಎಂದಾದರೆ ಶಿಯರ್ ಪಿನ್ ಅರ್ಧ ಕತ್ತರಿಸಿ ಮೆಟ್ಟಿಲಿನಂತೆ ಬಾಗಿದೆ. ಹಬ್ ಕೂದಲೆಳೆಯಷ್ಟೂ ಆಡದೆ ಶಾಫ್ಟಿನ ಜೊತೆಗೇ ಚಲಿಸಿದರೆ ತುಕ್ಕು ಕಚ್ಚಿದೆ. ಹೊರಗಿನ ಹಬ್ ಪೂರ್ತಿ ಸುತ್ತು ತಿರುಗಿ ಒಳಗಿನ ಲೋಹದ ತೋಳು (ಕೊಳವೆಯಂಥ ಸ್ಲೀವ್) ಮಾತ್ರ ಶಾಫ್ಟಿನಲ್ಲೇ ನಿಂತಿದ್ದರೆ, ನಡುವಿನ ರಬ್ಬರ್ ಬುಷ್ ಹಿಡಿತ ಬಿಟ್ಟಿದೆ. ಮೂರಕ್ಕೂ ಮದ್ದು ಬೇರೆ. ಬಾಗಿದ ಪಿನ್ನಿಗೆ ಪುಲ್ಲರ್ ಹಾಕಿದರೆ ಹಬ್ಬಿನ ಗೋಡೆ ಹರಿಯುತ್ತದೆ. ರಬ್ಬರ್ ಹೋದದ್ದಕ್ಕೆ ಬರೀ ಹೊರಗಿನಿಂದ ಎಳೆದರೆ ಪ್ರೊಪೆಲ್ಲರ್ ಕೈಗೆ ಬಂದು ತೋಳು ಶಾಫ್ಟಿನಲ್ಲೇ ಉಳಿಯುತ್ತದೆ.

ಬಾಗಿದ ಶಿಯರ್ ಪಿನ್

ನೀರಿನಡಿಯ ಕಲ್ಲಿಗೋ ಮರದ ಬುಡಕ್ಕೋ ಬಡಿದಾಗ ಮೊದಲು ಮುರಿಯಲಿ ಎಂದೇ ಈ ಪಿನ್ ಇರುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ನೀರು ಇಳಿದಾಗ ಈಗಲೂ ತಲೆ ಎತ್ತುತ್ತವೆ. ಅಂಥ ಕಡೆ ಓಡಿದ ಮೋಟಾರಿನ ಪಿನ್ ನೆಟ್ಟಗಿದ್ದೀತು ಎಂದು ನಿರೀಕ್ಷಿಸಬೇಡಿ.

ಪಿನ್ನಿನ ನಡುಭಾಗ ಶಾಫ್ಟಿನಲ್ಲಿ, ಎರಡು ತುದಿಗಳು ಹಬ್ಬಿನಲ್ಲಿ ಇರುತ್ತವೆ. ಬಾಗಿದಾಗ ಮೂರೂ ಒಂದೇ ಗೆರೆಯಲ್ಲಿರುವುದಿಲ್ಲ. ಪಂಚ್ ಇಟ್ಟು ಹೊಡೆದರೆ ತುದಿ ಹೋಗಿ ಶಾಫ್ಟಿನ ಮೈಗೆ ತಾಗುತ್ತದೆ ಅಷ್ಟೆ. ಬಡಿತ ಬಿದ್ದ ದಿಕ್ಕಿಗೆ ವಿರುದ್ಧವಾಗಿ ಪ್ರೊಪೆಲ್ಲರನ್ನು ತಿರುಗಿಸುತ್ತ, ಪಂಚಿನಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಮೂರೂ ಭಾಗ ಸಾಲಾಗಿ ಬಂದ ಜಾಗದಲ್ಲಿ ತಟ್ಟುವ ಸದ್ದು ಬದಲಾಗುತ್ತದೆ, ಪಿನ್ ಸರಿಯಲು ತೊಡಗುತ್ತದೆ. ಅಲ್ಲೇ ಹಿಡಿದು 4.5 ಮಿ.ಮೀ. ಪಂಚಿನಿಂದ ಹೊಡೆಯಿರಿ. ಹಲವು ಸಣ್ಣ ಮೋಟಾರುಗಳ ಪಿನ್ 3/16 ಇಂಚು, ಅಂದರೆ 4.76 ಮಿ.ಮೀ. ಅದಕ್ಕಿಂತ ತುಸು ಸಣ್ಣ ಪಂಚೇ ಬೇಕು. ದಪ್ಪ ಪಂಚ್ ರಂಧ್ರದ ಬಾಯನ್ನು ಅಗಲಿಸುತ್ತದೆ.

ತೋಡಿನಲ್ಲಿ ಕೂತ ಪಿನ್ನಾದರೆ ಸುಲಭ, ಪ್ಲೇಯರಿನಲ್ಲಿ ತುದಿ ಹಿಡಿದು ತಿರುಚಿ ಎಳೆಯಬಹುದು. ಮುಂಭಾಗದ ಪಿನ್ನಿರುವ ಜಪಾನಿ ಮಾದರಿಗಳಲ್ಲಿ ಹಬ್ಬಿನ ತೋಡಿಗೆ ಪಿನ್ನಿನ ಮುರಿದ ಚೂರು ಸಿಕ್ಕಿಕೊಂಡಿದ್ದರೆ ಪ್ರೊಪೆಲ್ಲರನ್ನು ಒಮ್ಮೆ ಮುಂದಕ್ಕೆ ತಳ್ಳಿ, ತಿರುಗಿಸಿ, ಮತ್ತೆ ಎಳೆಯಿರಿ.

ಪಿನ್ ಎಷ್ಟು ಮಾಡಿದರೂ ಬರದಿದ್ದರೆ 3 ಮಿ.ಮೀ., ಆಮೇಲೆ 4 ಮಿ.ಮೀ. ಬಿಟ್ಟಿನಲ್ಲಿ ಪಿನ್ನಿನ ಮಧ್ಯಕ್ಕೆ ಸರಿಯಾಗಿ ಕೊರೆದು, ಉಳಿದ ತೆಳು ಕವಚವನ್ನು ಪಂಚಿನಿಂದ ಕುಸಿಸಿ ತೆಗೆಯಬಹುದು. ಕೈಯಲ್ಲಿ ಹಿಡಿವ ಡ್ರಿಲ್ಲಿಗೆ ಇದು ಸೂಕ್ಷ್ಮ ಕೆಲಸ. ಡ್ರಿಲ್ ಬಿಟ್ ಜಾರಿ ಶಾಫ್ಟಿನ ರಂಧ್ರ ಮೊಟ್ಟೆಯಾಕಾರವಾದರೆ ಮುಂದೆ ಯಾವ ಪಿನ್ನೂ ನಿಲ್ಲುವುದಿಲ್ಲ.

ತುಕ್ಕು ಕಚ್ಚಿದಾಗ

ಅಲ್ಯೂಮಿನಿಯಂ ಪ್ರೊಪೆಲ್ಲರ್, ಸ್ಟೀಲ್ ಶಾಫ್ಟ್, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಸಂದಿಯಲ್ಲಿ ತುಂಬಿ ಬೆಣೆಯ ಹಾಗೆ ಬಿಗಿಯುತ್ತದೆ. ಇದಕ್ಕೆ ಬೇಕಾದ್ದು ಕಾಲ.

ಮೋಟಾರನ್ನು ಸ್ಟ್ಯಾಂಡಿನಲ್ಲಿ ಓರೆಮಾಡಿ ಶಾಫ್ಟಿನ ತುದಿ ಮೇಲ್ಮುಖವಾಗುವಂತೆ ನಿಲ್ಲಿಸಿ. ಎಂಜಿನ್ನಿನ ತಲೆ ಮೇಲಿರುವಷ್ಟೇ ಓರೆ. ಹಿಂಭಾಗದಿಂದ ಎಣ್ಣೆ ಬಿಡಿ, ನೈಲಾನ್ ಸುತ್ತಿಗೆಯಿಂದ ಹಬ್ಬಿನ ಸುತ್ತ ತಟ್ಟಿ. ಬೆಳಿಗ್ಗೆ ಸಂಜೆ ಹೀಗೆ ಮಾಡುತ್ತ ಎರಡು ಮೂರು ದಿನ ಬಿಡಿ. ಅವಸರವಿದ್ದರೂ ಒಂದು ರಾತ್ರಿಯಂತೂ ಬಿಡಲೇಬೇಕು.

ಆಮೇಲೆ ಬಿಸಿ. ಅಲ್ಯೂಮಿನಿಯಂ ಸಾಮಾನ್ಯ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕುದಿಯುವ ನೀರನ್ನು ಹಬ್ಬಿನ ಮೇಲೆ ಮಾತ್ರ ನಿಧಾನಕ್ಕೆ ಸುರಿಯುವುದು ಮೊದಲ ಹೆಜ್ಜೆ. ಸೀಲಿಗೂ ರಬ್ಬರಿಗೂ ಅದು ಹಾನಿ ಮಾಡುವುದಿಲ್ಲ, ಎಷ್ಟೋ ಸಲ ಇಷ್ಟಕ್ಕೇ ಬಿಟ್ಟುಕೊಡುತ್ತದೆ. ಗ್ಯಾಸ್ ಟಾರ್ಚನ್ನು ರಬ್ಬರ್ ಬುಷ್ ಇಲ್ಲದ ಹಬ್ಬಿಗೆ ಮಾತ್ರ ಬಳಸಿ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತ ಆಡಿಸಿ, 20-30 ಸೆಕೆಂಡು ಸಾಕು. ಸ್ಪ್ರೇ ಮತ್ತು ಅಸಿಟೋನ್ ಪೂರ್ತಿ ಒರೆಸಿ ಆರಿದ ಮೇಲೆಯೇ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಟಾರ್ಚ್ ಹಚ್ಚಲೇಬೇಡಿ. ಪಕ್ಕದ ಗಾಡಿಗಳ ಪೆಟ್ರೋಲ್ ಆವಿ ಅಲ್ಲಿ ನೆಲಮಟ್ಟದಲ್ಲಿ ನಿಂತಿರಬಹುದು. ತೆರೆದ ಅಂಗಳಕ್ಕೆ ಒಯ್ಯಿರಿ, ಪಕ್ಕದಲ್ಲಿ ಒಂದು ಬಕೆಟ್ ಮರಳಿರಲಿ.

ಈಗ ಪುಲ್ಲರ್. ಕೊಂಡಿಗಳು ಹಬ್ಬಿನ ಮುಂಭಾಗದ ಅಂಚನ್ನು ಹಿಡಿಯಬೇಕು, ರೆಕ್ಕೆಗಳನ್ನಲ್ಲ. ರೆಕ್ಕೆ ಹಿಡಿದು ಎಳೆದರೆ ಅದು ಬುಡದಲ್ಲಿ ಬಿರುಕು ಬಿಡುತ್ತದೆ. ಆ ಬಿರುಕು ನೀರಿನಲ್ಲಿ ಓಡುವಾಗ ಮಾತ್ರ ಗೊತ್ತಾಗುತ್ತದೆ. ಕೊಂಡಿಗೆ ಜಾಗವಿಲ್ಲದಿದ್ದರೆ ಪೀಣ್ಯದ ಯಾವುದಾದರೂ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ 6 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟನ್ನು ಇಂಗ್ಲಿಷಿನ ಯು ಅಕ್ಷರದ ಆಕಾರಕ್ಕೆ ಕತ್ತರಿಸಿಕೊಳ್ಳಿ. ಸಂದು ಅದಕ್ಕಿಂತ ಕಡಿಮೆಯಿದ್ದರೆ ಪ್ಲೇಟಿನ ಒಳ ಅಂಚನ್ನು ಗ್ರೈಂಡ್ ಮಾಡಿಸಿ ತೆಳ್ಳಗಾಗಿಸಿ. ಅದನ್ನು ಹಬ್ಬಿನ ಮುಂಭಾಗಕ್ಕೂ ಗೇರ್‌ಕೇಸಿಗೂ ನಡುವೆ ಜಾರಿಸಿದರೆ ಎಳೆಯಲು ಗಟ್ಟಿ ಆಸರೆ ಸಿಗುತ್ತದೆ. ಶಾಫ್ಟಿನ ತುದಿಗೂ ಪುಲ್ಲರಿನ ತಿರುಪಿಗೂ ನಡುವೆ ಹಿತ್ತಾಳೆಯ ತುಂಡು ಇಡಿ. ತಿರುಪನ್ನು ಗಟ್ಟಿಯಾಗಿ ಬಿಗಿದು ನಿಲ್ಲಿಸಿ, ಹಬ್ಬಿನ ಸುತ್ತ ತಟ್ಟಿ, ಕಾಲು ಸುತ್ತು ಮತ್ತೆ ಬಿಗಿಯಿರಿ. ಅಲುಗದಿದ್ದರೆ ಬಿಗಿದ ಸ್ಥಿತಿಯಲ್ಲೇ ರಾತ್ರಿ ಬಿಡಿ. ಬೆಳಗಿನ ಹೊತ್ತಿಗೆ ತಾನೇ ‘ಟಕ್’ ಎಂದು ಬಿಟ್ಟಿರುವುದು ಅಪರೂಪವಲ್ಲ.

ಸ್ಕ್ರೂಡ್ರೈವರ್ ತೂರಿಸಿ ಗೇರ್‌ಕೇಸಿಗೆ ಆನಿಸಿ ಮೀಟುವುದು ಬೇಡವೇ ಬೇಡ. ಗೇರ್‌ಕೇಸ್ ಎರಕದ ಅಲ್ಯೂಮಿನಿಯಂ, ಸೀಲಿನ ಮನೆ ಅಲ್ಲೇ ಇದೆ. ಹಾಗೆಯೇ ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯಬೇಡಿ. ತುದಿ ಅರಳಿ ಥ್ರೆಡ್ ಹಾಳಾಗುತ್ತದೆ, ಪೆಟ್ಟು ಒಳಗಿನ ಗೇರಿಗೆ ಹೋಗುತ್ತದೆ.

ರಬ್ಬರ್ ಬುಷ್ ಹೋದ ಹಬ್ಬಿನಲ್ಲಿ ಹೊರಭಾಗ ಮೊದಲು ಬರಲಿ, ತೋಳು ಉಳಿಯಲಿ. ಆಮೇಲೆ ಉಳಿದ ರಬ್ಬರನ್ನು ಕೆರೆದು, ತೋಳಿಗೆ ನೇರವಾಗಿ ಬಿಸಿ ಕೊಟ್ಟು ಪುಲ್ಲರ್ ಹಾಕಬಹುದು. ಸೀಲ್ ಪಕ್ಕದಲ್ಲೇ ಇದೆ, ಒದ್ದೆ ಬಟ್ಟೆ ಸುತ್ತಿ ಕಾಪಾಡಿ.

ಪ್ರೊಪೆಲ್ಲರ್ ಹೇಗೂ ಕೆಲಸಕ್ಕೆ ಬಾರದಷ್ಟು ತಿಂದುಹೋಗಿದ್ದರೆ ಮಾತ್ರ ಕೊನೆಯ ದಾರಿ: ಹಬ್ಬನ್ನು ಶಾಫ್ಟಿನ ಉದ್ದಕ್ಕೆ ಹ್ಯಾಕ್ಸಾದಿಂದ ಸೀಳಿ, ಶಾಫ್ಟಿಗೆ 1-2 ಮಿ.ಮೀ. ಇರುವಾಗ ನಿಲ್ಲಿಸಿ, ಆ ಸೀಳಿನಲ್ಲಿ ಉಳಿ ಇಟ್ಟು ಬಿಡಿಸುವುದು. ಪ್ರೊಪೆಲ್ಲರ್ ಮತ್ತೊಂದು ಹುಡುಕಬಹುದು, ಶಾಫ್ಟ್ ಸಿಗುವುದು ಕಷ್ಟ.

ಬಿಚ್ಚಿದ ಮೇಲೆ ನೋಡಬೇಕಾದ್ದು

ಪ್ರೊಪೆಲ್ಲರಿನ ಮುಂದೆ ಇದ್ದ ಥ್ರಸ್ಟ್ ವಾಷರ್ ಶಾಫ್ಟಿನಲ್ಲೇ ಅಂಟಿಕೊಂಡಿರಬಹುದು, ಕಳೆಯದಂತೆ ತೆಗೆದಿಡಿ. ಅದರ ಓರೆ ಮುಖ ಯಾವ ಕಡೆಗಿತ್ತು ಎಂದು ಗುರುತು ಹಾಕಿ. ಸೀಲಿನ ಬಾಯಲ್ಲಿ ಮೀನಿನ ಗಾಳದ ನೈಲಾನ್ ದಾರ ಸುತ್ತಿಕೊಂಡಿದೆಯೇ ನೋಡಿ. ಮೀನು ಹಿಡಿಯುವ ಕೆರೆ, ಹಿನ್ನೀರುಗಳಲ್ಲಿ ಓಡಿದ ಮೋಟಾರಿನಲ್ಲಿ ಇದು ಬಲು ಸಾಮಾನ್ಯ. ದಾರ ಬಿಸಿಯಾಗಿ ಕರಗಿ, ಸೀಲಿನ ತುಟಿಯನ್ನು ಕತ್ತರಿಸಿ ಒಳಗೆ ಹೋಗುತ್ತದೆ. ಕೊಕ್ಕೆ ಹಾಕಿ ಪೂರ್ತಿ ಬಿಡಿಸಿ.

ಗೇರ್‌ಕೇಸಿನ ಕೆಳಗಿನ ಡ್ರೈನ್ ಸ್ಕ್ರೂ ತುಸು ಸಡಿಲಿಸಿ. ಮೊದಲು ನೀರು ಬಂದರೆ ಅಥವಾ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಬದಲಿಸಲೇಬೇಕು. ಹಳೆಯ ಸೀಲಿನ ಮೇಲಿನ ಅಳತೆಗಳು, ಅಂದರೆ ಶಾಫ್ಟಿನ ದಪ್ಪ, ಹೊರ ವ್ಯಾಸ, ಅಗಲ, ಬರೆದುಕೊಂಡು ಹೋದರೆ ಬೇರಿಂಗ್ ಅಂಗಡಿಗಳಲ್ಲಿ ಆ ಅಳತೆಯ ಆಯಿಲ್ ಸೀಲ್ ಸಿಗುವ ಸಾಧ್ಯತೆ ಇದೆ. ಶಾಫ್ಟನ್ನು ನಿಧಾನಕ್ಕೆ ತಿರುಗಿಸಿ ತುದಿ ತೂಗಾಡುತ್ತದೆಯೇ ಎಂದೂ ನೋಡಿ. ಕಣ್ಣಿಗೆ ಕಾಣುವಷ್ಟು ತೂಗಾಡಿದರೆ ಶಾಫ್ಟ್ ಬಾಗಿದೆ, ಹೊಸ ಸೀಲ್ ಹಾಕಿದರೂ ನಿಲ್ಲುವುದಿಲ್ಲ.

ತಿರುಗಿ ಹಾಕುವಾಗ

ಶಾಫ್ಟನ್ನು ನುಣುಪು ಎಮರಿ ಪೇಪರಿನಿಂದ ಉಜ್ಜಿ ಹೊಳೆಯಿಸಿ. ಸೀಲ್ ಕೂರುವ ಜಾಗಕ್ಕೆ ಮಾತ್ರ ಎಮರಿ ತಾಗಿಸಬೇಡಿ. ನೀರಿಗೆ ತೊಳೆದುಹೋಗದ ಮೆರೈನ್ ಗ್ರೀಸನ್ನು ತೆಳುವಾಗಿ ಎಲ್ಲ ಕಡೆ ಸವರಿ. ಗ್ರಾಫೈಟ್ ಗ್ರೀಸ್ ಬೇಡ, ಅದು ಎರಡು ಲೋಹಗಳ ನಡುವಿನ ತುಕ್ಕನ್ನು ಹೆಚ್ಚಿಸುತ್ತದೆ.

ಶಿಯರ್ ಪಿನ್ನಿನ ಬದಲು ಮೊಳೆ, ಬೋಲ್ಟಿನ ತುಂಡು, ಡ್ರಿಲ್ ಬಿಟ್ಟಿನ ಕಾಂಡ ಹಾಕುವ ಅಭ್ಯಾಸವಿದೆ. ಗಟ್ಟಿ ಪಿನ್ ಮುರಿಯುವುದಿಲ್ಲ, ಅದರ ಬದಲು ಗೇರಿನ ಹಲ್ಲು ಮುರಿಯುತ್ತದೆ. ತಯಾರಕರು ಹೇಳಿದ ಲೋಹದ್ದೇ ಹಾಕಿ. 3/16 ಇಂಚಿನ ಹಿತ್ತಾಳೆ ಪಿನ್ನಾದರೆ 5 ಮಿ.ಮೀ. ಸಲಾಕೆ ತಂದು ಲೇತಿನಲ್ಲಿ 4.76ಕ್ಕೆ ಇಳಿಸಿಕೊಳ್ಳಿ. 5 ಮಿ.ಮೀ. ಸಲಾಕೆ ರಂಧ್ರಕ್ಕೆ ಹೋಗುವುದಿಲ್ಲ, 4.5 ಹಾಕಿದರೆ ಒಳಗೆ ಆಡಿ ರಂಧ್ರವನ್ನೇ ಅಗಲಿಸುತ್ತದೆ. 1/4 ಇಂಚಿನದಾದರೆ 6.35 ಮಿ.ಮೀ. ಉದ್ದವನ್ನು ಹಳೆಯ ಪಿನ್ನಿನ ತುಂಡುಗಳನ್ನು ಜೋಡಿಸಿ ಅಳೆಯಿರಿ. ಲೇತಿನವರ ಬಳಿ ಹೋದಾಗಲೇ ಐದಾರು ಮಾಡಿಸಿಕೊಂಡುಬಿಡಿ.

ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು, ಸ್ಟೇನ್‌ಲೆಸ್ ಸ್ಟೀಲಿನದು. ನಟ್ಟಿನ ತೋಡು ಮತ್ತು ಶಾಫ್ಟಿನ ರಂಧ್ರ ಸಾಲಾಗದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಸಾಲು ಮಾಡಿ, ಸಡಿಲಿಸಿ ಅಲ್ಲ. ಕಾಲುಗಳನ್ನು ಮೈಗೆ ಒತ್ತುವಂತೆ ಮಡಚಿ, ಚಾಚಿಕೊಂಡ ತುದಿಗೆ ಕಳೆ, ಪ್ಲಾಸ್ಟಿಕ್, ದಾರ ಸಿಕ್ಕಿಕೊಳ್ಳುತ್ತವೆ. ಪ್ರೊಪೆಲ್ಲರನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲೂ ಉಜ್ಜುತ್ತಿಲ್ಲವೆಂದು ನೋಡಿದ ನಂತರವೇ ಸ್ಪಾರ್ಕ್ ಪ್ಲಗ್ ವಾಪಸ್ ಹಾಕಿ. ಉಳಿದ ಶಿಯರ್ ಪಿನ್ನುಗಳು, ನಾಲ್ಕು ಸ್ಪ್ಲಿಟ್ ಪಿನ್, ಒಂದು ಪಂಚ್, ಒಂದು ಪ್ಲೇಯರ್ ಸಣ್ಣ ಚೀಲದಲ್ಲಿ ಹಾಕಿ ದೋಣಿಯಲ್ಲೇ ಕಟ್ಟಿಡಿ. ಹೊಸ ಪಿನ್ ಹಾಕಿದ ಮೇಲೆ ಮೊದಲ ಓಟ ಮುಗಿಸಿ ಬಂದಾಗ ಕೋನ್ ಬಿಚ್ಚಿ ಪಿನ್ ಬಾಗಿದೆಯೇ ಎಂದು ಒಮ್ಮೆ ನೋಡಿ.